ಮಗ ಕಂಪೋಸರ್ ಆಗುತ್ತಾನಂತೆ, ಡಿಗ್ರಿ ಬಿಡಿಸಬೇಕಾ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸ್ವಲ್ಪ ಅಡಿಕೆ ತೋಟ ಉಂಟು. ಮಗನಿಗೆ 19 ವರ್ಷ, ಬಿಎಸ್ಸಿ ಎರಡನೇ ವರ್ಷ. ಸಣ್ಣದರಿಂದಲೇ ಪಿಟೀಲು ಕಲಿಯುತ್ತಿದ್ದಾನೆ, ಶಾಲಾ ಕಲೋತ್ಸವದಲ್ಲಿ ಎ ಗ್ರೇಡ್ ಬಂದಿತ್ತು. ಈಗ ಒಂದು ವರ್ಷದಿಂದ ನುಡಿಸುವುದಕ್ಕಿಂತ ಬರೆಯುವುದೇ ಜಾಸ್ತಿ. ರಾತ್ರಿ ಎರಡು ಗಂಟೆವರೆಗೆ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಸ್ವರ ಕೂರಿಸುತ್ತಾ ಇರುತ್ತಾನೆ. ಒಂದು ದಿನ ನಮ್ಮ ಶಾಸ್ತ್ರೀಯದ ಕೃತಿ, ಇನ್ನೊಂದು ದಿನ ನಾಲ್ಕು ವಾದ್ಯಕ್ಕೆ ಪಾಶ್ಚಾತ್ಯ ಸಂಗೀತ. ಪ್ರಿಂಟ್ ತೆಗೆದು ನೋಡಿ ಬೆಳಗ್ಗೆ ಹರಿದು ಹಾಕುತ್ತಾನೆ. ಡಿಗ್ರಿ ಬಿಡುತ್ತೇನೆ, ಕಂಪೋಸರ್ ಆಗುತ್ತೇನೆ ಅಂತ ಹಟ. ಅವನ ಗುರುಗಳು "ಅದಕ್ಕೆಲ್ಲ ದೈವಾನುಗ್ರಹ ಬೇಕು, ಈ ಕಾಲದಲ್ಲಿ ವಾಗ್ಗೇಯಕಾರರು, ಅಂದರೆ ಸಾಹಿತ್ಯವನ್ನೂ ಸಂಗೀತವನ್ನೂ ತಾವೇ ಕಟ್ಟುವವರು, ಹುಟ್ಟುವುದಿಲ್ಲ" ಅನ್ನುತ್ತಾರೆ. ನನ್ನ ಅಣ್ಣ "ಸಿನಿಮಾಕ್ಕೆ ಹೋಗದಿದ್ದರೆ ಉಪವಾಸ" ಅನ್ನುತ್ತಾನೆ. ಇದರ ಮಧ್ಯೆ ಒಂದು ಸ್ಟುಡಿಯೋದವರು ಎಂಟು ಭಜನೆಗೆ ರಾಗ ಹಾಕಿಕೊಟ್ಟರೆ ಹತ್ತು ಸಾವಿರ ಕೊಡುತ್ತೇವೆ ಎಂದು ಸ್ಟಾಂಪ್ ಪೇಪರಿಗೆ ಸಹಿ ಕೇಳುತ್ತಿದ್ದಾರೆ. ಏನು ಮಾಡಲಿ? ಅವನು ಬರೆದದ್ದರಲ್ಲಿ ಹರಿಯದೆ ಉಳಿದ ಎರಡು ಪುಟದ ಫೋಟೋ ಕಳಿಸಿದ್ದೇನೆ.

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ಮೂರು ನಾಲ್ಕು ಭಯ ಒಟ್ಟಿಗೆ ಕಲೆತಿವೆ. ಹುಡುಗನಿಗೆ ಆ ಶಕ್ತಿ ನಿಜವಾಗಿ ಉಂಟಾ, ಉಂಟಾದರೆ ಇದರಲ್ಲಿ ಊಟ ಹುಟ್ಟುತ್ತದಾ, ನಿದ್ದೆಗೆಟ್ಟು ಆರೋಗ್ಯ ಹಾಳು ಮಾಡಿಕೊಂಡರೆ ಏನು ಗತಿ, ಮತ್ತೆ ಆ ಸ್ಟಾಂಪ್ ಪೇಪರ್. ಒಂದೊಂದಾಗಿ ಬಿಡಿಸೋಣ. ನಾನೂ ಕುಂಬಳೆ ಸೀಮೆಯ ಕಡೆಯವನೇ. ನೃತ್ಯದವರಿಗೆ ವರ್ಣ, ತಿಲ್ಲಾನದಂಥ ರಚನೆ ಮಾಡಿಕೊಡುತ್ತಾ, ನಡುನಡುವೆ ವಾದ್ಯವೃಂದಕ್ಕೆ ಬರೆಯುತ್ತಾ, ಪಾಠ ಹೇಳುತ್ತಾ ಬದುಕಿದವನು. ಹಾಗಾಗಿ ಕೆಲವು ಮಾತು ನೇರವಾಗಿಯೇ ಬರುತ್ತದೆ.

ಮೊದಲು ಆ ಎರಡು ಪುಟ. ಯಾಕೆಂದರೆ ಉಳಿದವರ ಅಭಿಪ್ರಾಯಕ್ಕಿಂತ ಅದೇ ಜಾಸ್ತಿ ಮಾತಾಡುತ್ತದೆ.

ಒಂದನೇ ಪುಟದಲ್ಲಿ ಮಧೂರು ಗಣಪತಿಯ ಮೇಲೆ ಒಂದು ಕೃತಿ. ಹಿಂದೋಳ ರಾಗ, ಆದಿತಾಳ. ಪಲ್ಲವಿ "ಮಧುಪುರ ಗಣಪತಿ ಕಾಯೋ". ಇದರಲ್ಲಿ "ಗಣಪತಿ" ನೋಡಿ. ನಾಲ್ಕೂ ಹ್ರಸ್ವಾಕ್ಷರ. ಇವನು "ಗ" ಮೇಲೆ ಒಂದೂವರೆ ಎಣಿಕೆ ಎಳೆದಿದ್ದಾನೆ. ಹಾಡಿ ನೋಡಲು ಹೇಳಿ. "ಗಾಣಪತಿ" ಅಂತ ಕೇಳುತ್ತದೆ. ಮಧೂರಿನ ದೇವರು ಎಣ್ಣೆ ಗಾಣದ ಯಜಮಾನ ಆಗಿಬಿಟ್ಟ! ಉದ್ದ ಸ್ವರ ಬೀಳುವಲ್ಲಿ ದೀರ್ಘಾಕ್ಷರ ಇಡಬೇಕು. ಇಲ್ಲದಿದ್ದರೆ ಮಾತನ್ನು ಹಾಗೇ ಇಟ್ಟು ಆ ಉದ್ದ ಸ್ವರವನ್ನು ಸಣ್ಣ ಸ್ವರಗಳಾಗಿ ಒಡೆಯಬೇಕು. ಇವನ ಸಾಲಿನಲ್ಲೇ "ಕಾಯೋ" ಉಂಟಲ್ಲ, ಎರಡೂ ದೀರ್ಘ, ಎಳೆಯಲಿಕ್ಕೆ ಬೇಕಾದಷ್ಟು ಜಾಗ. ಅದನ್ನು ಮಾತ್ರ ಅರ್ಧ ಎಣಿಕೆಯಲ್ಲಿ ಮುಗಿಸಿ ಓಡಿದ್ದಾನೆ.

ಆದರೆ ಅನುಪಲ್ಲವಿ, ಅಂದರೆ ಪಲ್ಲವಿಯ ನಂತರದ ಭಾಗ, ನೋಡಿ ನನಗೆ ಖುಷಿಯಾಯಿತು. "ವಿಧಿ ಹರಿ ವಂದಿತ" ಅಂತ ಶುರು. ಪಲ್ಲವಿಯ ಎರಡನೇ ಅಕ್ಷರ ಧು, ಇಲ್ಲಿ ಧಿ. ದ್ವಿತೀಯಾಕ್ಷರ ಪ್ರಾಸ ಸರಿಯಾಗಿ ಕೂತಿದೆ. ಯಾರೂ ಹೇಳಿಕೊಡದೆ ಮಾಡಿದ್ದಾದರೆ ಕಿವಿ ಒಳ್ಳೆಯದುಂಟು. "ವಂದಿತ, ಸೇವಿತ, ಪೂಜಿತ" ಇವನ್ನೆಲ್ಲ ಬಿಡಲಿ, ಅವು ಸಾವಿರ ಕೃತಿಗಳಲ್ಲಿ ಸವೆದುಹೋಗಿವೆ. ಮಧೂರಿನ ಬಗ್ಗೆ ಬರೆಯುವವನಿಗೆ ಅಪ್ಪ ಪ್ರಸಾದ ನೆನಪಾಗಲಿಲ್ಲ ಅಂದರೆ ಹೇಗೆ? ಮತ್ತೆ ಕೊನೆಗೆ ಅಂಕಿತ ಬೇರೆ ಹಾಕಿದ್ದಾನೆ. ಕೃತಿಗಿಂತ ಮೊದಲು ಅಂಕಿತ ಹುಟ್ಟುವುದು ಈ ವಯಸ್ಸಿನವರ ಕಾಯಿಲೆ. ಇರಲಿ ಬಿಡಿ.

ಎರಡನೇ ಪುಟ ಸ್ಟ್ರಿಂಗ್ ಕ್ವಾರ್ಟೆಟ್. ಅಂದರೆ ಎರಡು ವಯಲಿನ್, ಒಂದು ವಯೋಲಾ, ಒಂದು ಚೆಲ್ಲೋ. ವಯೋಲಾ ಅಂದರೆ ವಯಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ತಗ್ಗು. ಅದರ ಅತಿ ಕೆಳಗಿನ ತಂತಿ ಸಿ ಸ್ವರಕ್ಕೆ ಶ್ರುತಿಯಾಗಿರುತ್ತದೆ. ಅದಕ್ಕಿಂತ ಕೆಳಗೆ ಆ ವಾದ್ಯದಲ್ಲಿ ಸ್ವರವೇ ಇಲ್ಲ. ನಿಮ್ಮ ಮಗ ಎಂಟನೇ ಬಾರಿನಲ್ಲಿ (ನಮ್ಮ ತಾಳದ ಆವರ್ತದ ಹಾಗೆ ಒಂದು ಅಳತೆ) ವಯೋಲಾಕ್ಕೆ ಅದಕ್ಕೂ ಕೆಳಗಿನ ಬಿ ಬರೆದಿದ್ದಾನೆ. ಲ್ಯಾಪ್‌ಟಾಪ್ ಅದನ್ನು ಸರಾಗ ನುಡಿಸಿರುತ್ತದೆ. ಮ್ಯೂಸ್‌ಸ್ಕೋರ್ ಥರದ ಸಾಫ್ಟ್‌ವೇರ್ ಆ ಸ್ವರಕ್ಕೆ ಬೇರೆ ಬಣ್ಣ ಕೊಟ್ಟು ಎಚ್ಚರಿಸುತ್ತದೆ, ಆದರೂ ನುಡಿಸಿಬಿಡುತ್ತದೆ. ಮನುಷ್ಯ ನುಡಿಸಲಾರ. ಇದೊಂದು ಸ್ವರದಿಂದಲೇ ನನಗೆ ಗೊತ್ತಾಯಿತು, ಇವನು ಬರೆದದ್ದನ್ನು ಈವರೆಗೆ ಒಬ್ಬ ಮನುಷ್ಯನೂ ನುಡಿಸಿಲ್ಲ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ, ನಿಮ್ಮ ಪ್ರಶ್ನೆಯ ನಿಜವಾದ ಗಂಟು ಅಲ್ಲಿಯೇ ಇರುವುದು.

ಇನ್ನೊಂದು, ಆ ಕ್ವಾರ್ಟೆಟ್ ತೋಡಿ ರಾಗದಲ್ಲಿ ಅಂತ ಮೇಲೆ ಬರೆದಿದ್ದಾನೆ. ತೋಡಿಯ ಸ್ವರಗಳನ್ನು ಸಾಲಾಗಿ ಇಟ್ಟ ಮಾತ್ರಕ್ಕೆ ತೋಡಿ ಬರುವುದಿಲ್ಲ. ಅದರ ಗಾಂಧಾರ ಕಂಪಿತ, ರಿಷಭದಿಂದ ಮಧ್ಯಮದ ಅಂಚಿನವರೆಗೆ ತೂಗಾಡುತ್ತಲೇ ಇರಬೇಕು. ನೆಟ್ಟಗೆ ಹಿಡಿದರೆ ತೋಡಿ ಹೋಯಿತು. ನಾಲ್ಕು ವಾದ್ಯ ಒಟ್ಟಿಗೆ ತೂಗಿದರೆ ಕೆಳಗಿನ ಸ್ವರಮೇಳ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಕಲಸಿಹೋಗುತ್ತದೆ, ತೂಗದಿದ್ದರೆ ರಾಗ ಇಲ್ಲ. ಎರಡು ಪದ್ಧತಿಯನ್ನು ಸೇರಿಸಹೊರಟ ಎಲ್ಲರೂ ತಲೆ ಚಚ್ಚಿಕೊಂಡ ಗೋಡೆ ಇದು. ಶಂಕರಾಭರಣವೋ ಕಲ್ಯಾಣಿಯೋ ಆದರೆ ಇಷ್ಟು ಹಟ ಮಾಡುವುದಿಲ್ಲ. ಮೊದಲ ಪ್ರಯತ್ನಕ್ಕೆ ತೋಡಿಯನ್ನೇ ಹಿಡಿದದ್ದು ಧೈರ್ಯ ಅಂತಲೂ ಹೇಳಬಹುದು, ಹುಡುಗಾಟ ಅಂತಲೂ ಹೇಳಬಹುದು. ಎರಡೂ ಇರುತ್ತದೆ ಆ ವಯಸ್ಸಿನಲ್ಲಿ.

ಒಟ್ಟಿನಲ್ಲಿ ಕಿವಿ ಉಂಟು, ಹಟ ಉಂಟು, ಕಸುಬು ಇನ್ನೂ ಇಲ್ಲ. 19ಕ್ಕೆ ಇದು ಸಾಧಾರಣವಲ್ಲ, ಆದರೆ ಡಿಗ್ರಿ ಬಿಡುವಷ್ಟು ದೊಡ್ಡ ಸಾಕ್ಷಿಯೂ ಅಲ್ಲ.

ಈಗ ಗುರುಗಳ ಮಾತು. ಅವರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ಕಾಲದಲ್ಲಿ ವಾಗ್ಗೇಯಕಾರರು ಹುಟ್ಟುವುದಿಲ್ಲ ಎಂಬುದು ಸರಿಯಲ್ಲ. ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತ, ಶ್ಯಾಮಾಶಾಸ್ತ್ರಿ, ಈ ತ್ರಿಮೂರ್ತಿಗಳು ಹೋದ ಮೇಲೆ ಕರ್ನಾಟಕ ಸಂಗೀತ ನಿಂತುಹೋಯಿತಾ? ಮೈಸೂರು ವಾಸುದೇವಾಚಾರ್ಯರು 1961ರವರೆಗೆ ನಮ್ಮ ನಡುವೆ ಇದ್ದವರು. ಪಾಪನಾಶಂ ಶಿವನ್ 1973ರವರೆಗೆ. ಲಾಲ್ಗುಡಿ ಜಯರಾಮನ್ ಅವರ ತಿಲ್ಲಾನ ಇಲ್ಲದ ಅರಂಗೇಟ್ರಂ (ನೃತ್ಯದ ರಂಗಪ್ರವೇಶ) ಹುಡುಕಬೇಕು, ಅವರು ತೀರಿಕೊಂಡದ್ದು 2013ರಲ್ಲಿ. ಬಾಲಮುರಳಿಕೃಷ್ಣರು 72 ಮೇಳಕರ್ತ (ತಾಯಿ) ರಾಗಗಳಲ್ಲೂ ಕೃತಿ ಮಾಡಿದರು, ಮೂರು ನಾಲ್ಕು ಸ್ವರಗಳ ಹೊಸ ರಾಗ ಮಾಡಿ ಬೈಸಿಕೊಂಡರು ಕೂಡ, ಅವರು ಹೋದದ್ದು 2016ರಲ್ಲಿ. ಪಾಲಕ್ಕಾಡು ಕಡೆಯ ಎಂ.ಡಿ. ರಾಮನಾಥನ್ "ವರದದಾಸ" ಅಂಕಿತದಲ್ಲಿ ನೂರಾರು ಕೃತಿ ಮಾಡಿದ್ದಾರೆ. ಇವರೆಲ್ಲ ಹಳೆಯ ಕಾಲದವರೇನಲ್ಲ. ಗುರುಗಳ ಸಂಗೀತ ಕಚೇರಿಯ ಹಾಡಿನ ಪಟ್ಟಿಯಲ್ಲೇ ಇವರಲ್ಲಿ ಇಬ್ಬರಾದರೂ ಇರುತ್ತಾರೆ, ಕೇಳಿ ನೋಡಿ.

ದೈವಾನುಗ್ರಹದ ವಿಷಯದಲ್ಲಿ ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಶಾಸ್ತ್ರವೇ ಏನು ಹೇಳುತ್ತದೆ ನೋಡಿ. 13ನೇ ಶತಮಾನದ ಶಾರ್ಙ್ಗದೇವನ ಸಂಗೀತ ರತ್ನಾಕರದಲ್ಲಿ ವಾಗ್ಗೇಯಕಾರನಿಗೆ ಏನೇನು ಬೇಕು ಎಂಬ ಪಟ್ಟಿ ಉಂಟು. ವ್ಯಾಕರಣ, ನಿಘಂಟು, ಛಂದಸ್ಸು, ಅಲಂಕಾರ, ರಸಭಾವ, ದೇಶದ ನಡೆನುಡಿ, ಹಲವು ಭಾಷೆ, ತಾಳ ಲಯ, ಹೀಗೆ ಹೋಗುತ್ತದೆ. ಹೆಚ್ಚಿನದೆಲ್ಲ ಕಲಿಯುವಂಥದ್ದೇ. ಭಾಷೆಯ ವಿಷಯದಲ್ಲಿ ನಮ್ಮ ಕಡೆಯ ಮಕ್ಕಳಿಗೆ ಕಷ್ಟವೇ ಇಲ್ಲ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಬಸ್ಸಿನಲ್ಲಿ ಇನ್ನೊಂದು ಮಾತಾಡಿಯೇ ಬೆಳೆದಿರುತ್ತಾರೆ.

ಪಾಶ್ಚಾತ್ಯ ಸೇರಿಸಿದರೆ ಮೈಲಿಗೆ ಅಂತ ಯಾರಾದರೂ ಅಂದರೆ ಅದಕ್ಕೂ ಉತ್ತರ ಉಂಟು. ಮುತ್ತುಸ್ವಾಮಿ ದೀಕ್ಷಿತರೇ ಇಂಗ್ಲಿಷರ ಬ್ಯಾಂಡಿನ ಟ್ಯೂನ್‌ಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ನೊಟ್ಟುಸ್ವರ ಮಾಡಿದವರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ವಯಲಿನ್ನನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ನಿಮ್ಮ ಮಗನ ಕೈಯಲ್ಲಿರುವ ವಾದ್ಯವೇ ಹಾಗೆ ಬಂದದ್ದು.

ಅಣ್ಣನ ಮಾತಿಗೆ ಬರೋಣ. ಇದರಲ್ಲಿ ಅರ್ಧ ಸತ್ಯ ಉಂಟು. ಬರೀ ಶಾಸ್ತ್ರೀಯ ರಚನೆಯಿಂದ ಸಂಸಾರ ಸಾಗಿಸುವವರು ನಮ್ಮ ದೇಶದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು. ಹೊರದೇಶದಲ್ಲೂ ಹಾಗೇ, ನಮಗೆ ಗೊತ್ತಿಲ್ಲ ಅಷ್ಟೆ. ಫಿಲಿಪ್ ಗ್ಲಾಸ್ ಅಂತ ಅಮೆರಿಕದ ಕಂಪೋಸರ್. ನಿಮ್ಮ ಮಗನಿಗೆ ಖಂಡಿತ ಗೊತ್ತಿರುತ್ತದೆ. ಅವರ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) 1976ರಲ್ಲಿ ನ್ಯೂಯಾರ್ಕಿನ ಅತಿ ದೊಡ್ಡ ಒಪೆರಾ ಮನೆಯಲ್ಲಿ ನಡೆಯಿತು, ಟಿಕೆಟ್ ಎಲ್ಲ ಖಾಲಿ. ಆಮೇಲೂ ಅವರು ಟ್ಯಾಕ್ಸಿ ಓಡಿಸುತ್ತಿದ್ದರು. ಪ್ಲಂಬರ್ ಕೆಲಸವನ್ನೂ ಮಾಡಿದವರು. ಸಂಗೀತವೊಂದರಿಂದಲೇ ಬದುಕಲು ಶುರು ಮಾಡಿದಾಗ ನಲವತ್ತು ದಾಟಿತ್ತು. 1980ರಲ್ಲಿ ಗಾಂಧೀಜಿಯ ಮೇಲೆ "ಸತ್ಯಾಗ್ರಹ" ಎಂಬ ಒಪೆರಾ ಮಾಡಿದರು, ಅದರಲ್ಲಿ ಹಾಡುವುದು ಭಗವದ್ಗೀತೆಯ ಶ್ಲೋಕಗಳನ್ನೇ, ಸಂಸ್ಕೃತದಲ್ಲೇ. ಚಾರ್ಲ್ಸ್ ಐವ್ಸ್ ಇನ್ನೊಬ್ಬರು, ನಿವೃತ್ತರಾಗುವವರೆಗೂ ಇನ್ಶೂರೆನ್ಸ್ ಏಜೆನ್ಸಿ ನಡೆಸಿದವರು. ರಾತ್ರಿ, ಭಾನುವಾರ, ರಜೆಯಲ್ಲಿ ಬರೆದರು. ಅವರ ಮೂರನೇ ಸಿಂಫನಿ ಬರೆದು ಮೂರು ದಶಕ ಕಳೆದ ಮೇಲೆ 1946ರಲ್ಲಿ ಮೊದಲ ಸಲ ನುಡಿಸಿದರು. ಮರುವರ್ಷ ಪುಲಿಟ್ಜರ್ ಬಂತು.

ನಮ್ಮವರೇ ಬೇಕಾದರೆ ವನರಾಜ್ ಭಾಟಿಯಾ. ಲಂಡನ್ನಿನ ರಾಯಲ್ ಅಕಾಡೆಮಿ, ಆಮೇಲೆ ಪ್ಯಾರಿಸಿನಲ್ಲಿ ನಾದಿಯಾ ಬುಲಾಂಜೆ ಹತ್ತಿರ ಕಲಿತು ಬಂದವರು. ಗ್ಲಾಸ್ ಕೂಡ ಅದೇ ಗುರುವಿನ ಶಿಷ್ಯ. ಭಾರತಕ್ಕೆ ಬಂದು ಸಾವಿರಾರು ಜಾಹೀರಾತು ಜಿಂಗಲ್ ಮಾಡಿದರು, ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ಶ್ಯಾಮ್ ಬೆನಗಲ್ ಚಿತ್ರಗಳಿಗೆ ಸಂಗೀತ ಕೊಟ್ಟರು. ಆ ಸಂಪಾದನೆಯ ಬಲದಲ್ಲಿ ತನ್ನ ಸ್ವಂತ ಸಂಗೀತ ಬರೆದರು. ಗಿರೀಶ್ ಕಾರ್ನಾಡರ "ಅಗ್ನಿ ಮತ್ತು ಮಳೆ" ನಾಟಕವನ್ನು ಒಪೆರಾ ಮಾಡಿದ್ದೂ ಅವರೇ. ಇಷ್ಟೆಲ್ಲ ಮಾಡಿ, ಪದ್ಮಶ್ರೀ ಬಂದ ಮೇಲೂ, ಕೊನೆಗಾಲದಲ್ಲಿ ಅವರಿಗೆ ದುಡ್ಡಿನ ತಾಪತ್ರಯ ಇತ್ತು ಎಂದು 2019ರಲ್ಲಿ ಪೇಪರಿನಲ್ಲೆಲ್ಲ ಬಂತು. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಮಗನಿಗೂ ಇದು ಗೊತ್ತಿರಲಿ, ಮುಚ್ಚಿಡುವುದು ಯಾಕೆ?

ಹಾಗಾದರೆ ಸಿನಿಮಾ ಒಂದೇ ದಾರಿಯಾ? ಅಲ್ಲ. ಸಿನಿಮಾದ ಬಾಗಿಲಲ್ಲಿ ನಿಂತವರ ಸಾಲು ಇನ್ನೂ ಉದ್ದ. ನಮ್ಮ ಊರಿನ ಮಟ್ಟಿಗೆ ಸಂಪಾದನೆ ಬರುವ ಜಾಗ ಬೇರೆಯೇ ಉಂಟು. ಭರತನಾಟ್ಯದವರಿಗೆ ಹೊಸ ವರ್ಣ, ಪದ, ತಿಲ್ಲಾನ ಯಾವತ್ತೂ ಬೇಕು. ನೃತ್ಯರೂಪಕ ಬೇಕು. ಕಲೋತ್ಸವದ ಸೀಸನ್‌ನಲ್ಲಿ ಲಲಿತಗಾನಕ್ಕೆ, ಸಂಘಗಾನಕ್ಕೆ ಹೊಸ ಟ್ಯೂನ್ ಕೇಳಿಕೊಂಡು ಶಾಲೆಯವರು, ಪೋಷಕರು ಓಡಾಡುತ್ತಾರೆ. ಅದರ ಮೇಲೆ ಪಾಠ. ಇವೆಲ್ಲ ಸೇರಿ ಒಂದು ಬದುಕು ಆಗುತ್ತದೆ, ಆದರೆ ನೆಟ್ಟಗೆ ನಿಲ್ಲಲು ಹತ್ತು ವರ್ಷ ಬೇಕು, ಮತ್ತು ಮಳೆಗಾಲದ ತಿಂಗಳುಗಳಲ್ಲಿ ಕೈ ಖಾಲಿ. ಅಗ್ಗದ ಭಜನೆ ಟ್ಯೂನು, ಜಾಹೀರಾತು ಸಂಗೀತದ ಕೆಲಸ ಕಡಿಮೆಯಾಗುತ್ತಾ ಹೋಗುತ್ತದೆ ಎಂದೂ ನನಗೆ ಅನ್ನಿಸುತ್ತದೆ. ಎಐ ಅದನ್ನು ನಿಮಿಷದಲ್ಲಿ ಮಾಡಿಕೊಡುತ್ತದೆ. ನರ್ತಕಿಯ ಎದುರು ಕೂತು, ಅವಳ ಕಾಲಿನ ವೇಗ ನೋಡಿ, ಜತಿಯನ್ನು (ಕುಣಿತಕ್ಕೆ ಹೇಳುವ ತಾಳದ ಸೊಲ್ಲುಗಳನ್ನು) ಅಲ್ಲೇ ಬದಲಾಯಿಸಿಕೊಡುವ ಕೆಲಸಕ್ಕೆ ಸದ್ಯ ಮನುಷ್ಯನೇ ಬೇಕು.

ಈಗ ಆ ವಯೋಲಾ ಸ್ವರದ ವಿಷಯ. ಒಬ್ಬ ಕಂಪೋಸರ್ ಮುಂದೆ ಬರುವುದಕ್ಕೂ ಬರದೇ ಇರುವುದಕ್ಕೂ ನಡುವೆ ಇರುವುದು ಪ್ರತಿಭೆ ಮಾತ್ರ ಅಲ್ಲ. ಬರೆದದ್ದನ್ನು ನುಡಿಸುವವರು, ಹಾಡುವವರು ಇದ್ದಾರಾ ಅನ್ನುವುದು. ತ್ಯಾಗರಾಜರ ಕೃತಿಗಳು ನಮ್ಮವರೆಗೆ ಬಂದದ್ದು ಉಮಯಾಳಪುರಂ, ತಿಲ್ಲೈಸ್ಥಾನಂ, ವಾಲಾಜಾಪೇಟೆ ಶಿಷ್ಯರು ಹಾಡಿ, ಬರೆದಿಟ್ಟು ಕೊಟ್ಟದ್ದರಿಂದ. ವಾಸುದೇವಾಚಾರ್ಯರಿಗೆ ಎಂಬತ್ತು ದಾಟಿದ ಮೇಲೆ ನೃತ್ಯ ಕಲಾವಿದೆ ರುಕ್ಮಿಣಿದೇವಿಯವರು ಚೆನ್ನೈಯ ತಮ್ಮ ಕಲಾಕ್ಷೇತ್ರ ಸಂಸ್ಥೆಗೆ ಕರೆಸಿ ರಾಮಾಯಣ ನೃತ್ಯನಾಟಕಗಳ ಸಂಗೀತ ಮಾಡಿಸಿದರು. ಅಲ್ಲಿ ಬೆಳಗ್ಗೆ ಟ್ಯೂನ್ ಕೂರಿಸಿದರೆ ಸಂಜೆ ಹಾಡುವವರೂ ಕುಣಿಯುವವರೂ ಸಿದ್ಧ. ಆಚಾರ್ಯರು ಹೋದ ಮೇಲೆ ಉಳಿದ ಭಾಗವನ್ನು ಮೊಮ್ಮಗ ರಾಜಾರಾಂ ಮುಗಿಸಿದರು. ಗ್ಲಾಸ್ ಅವರ ಸಂಗೀತವನ್ನು ಮೊದಲು ಯಾರೂ ಮುಟ್ಟುತ್ತಿರಲಿಲ್ಲ, ಹಾಗಾಗಿ 1968ರಲ್ಲಿ ಸ್ವಂತ ಬಳಗವನ್ನೇ ಕಟ್ಟಿಕೊಂಡರು.

ದುಡ್ಡು ಹಾಕುವವರೂ ಬೇಕು. ನಮ್ಮ ಜಯಚಾಮರಾಜೇಂದ್ರ ಒಡೆಯರ್ ಸ್ವತಃ 94 ಕೃತಿ ಮಾಡಿದವರು. ರಷ್ಯದ ಕಂಪೋಸರ್ ಮೆಟ್ನರ್ ಲಂಡನ್ನಿನಲ್ಲಿ ವಯಸ್ಸಾಗಿ, ಮರೆತುಹೋದ ಹಾಗೆ ಕೂತಿದ್ದಾಗ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟದ್ದು ಮೈಸೂರಿನ ಈ ಮಹಾರಾಜರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾಂಚೆರ್ಟೋವನ್ನು (ವಾದ್ಯವೃಂದದ ಜತೆ ಪಿಯಾನೋ ಮುಖ್ಯವಾಗಿ ನುಡಿಯುವ ರಚನೆ) ಅವರಿಗೇ ಅರ್ಪಿಸಿದ್ದಾರೆ. ಜರ್ಮನಿಯ ಕಂಪೋಸರ್ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮೇಲೆ ಅವರ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಸಿದ್ದಕ್ಕೂ ಇವರ ಹಣದ ಭರವಸೆಯೇ ಕಾರಣ. ಮೈಸೂರಿನ ದುಡ್ಡಿನಿಂದ ಜರ್ಮನಿಯ ಹಾಡು ಹೊರಬಂತು ಅಂದರೆ ನೋಡಿ. ಈ ಕತೆಯನ್ನು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಯಾಕೆ ಹೇಳುವುದಿಲ್ಲವೋ ಗೊತ್ತಿಲ್ಲ.

ಬದಿಯಡ್ಕದಲ್ಲಿ ಮಹಾರಾಜರು ಇಲ್ಲ, ಸರಿ. ವಯೋಲಾ ನುಡಿಸುವವರೂ ಇಲ್ಲ. ಆದರೆ ಪಿಟೀಲು ಕಲಿಯುವ ಮಕ್ಕಳು ಉಂಟು, ಕೊಳಲು ಉಂಟು, ಮೃದಂಗ ಉಂಟು, ಚೆಂಡೆ ಮದ್ದಳೆ ಬೇಕಾದಷ್ಟು ಉಂಟು. ಇರುವವರಿಗೆ ಬರೆಯಲಿ. ಎರಡು ಪಿಟೀಲು, ಒಂದು ಕೊಳಲು, ಒಂದು ಮೃದಂಗ ಇಟ್ಟುಕೊಂಡು ನಾಲ್ಕು ನಿಮಿಷದ ಒಂದು ತುಣುಕು ಮಾಡಿ, ಗುರುಗಳ ಶಿಷ್ಯರಿಂದ ನುಡಿಸಿ, ಎಲ್ಲಿ ಉಸಿರು ಸಾಲದು, ಎಲ್ಲಿ ಕಮಾನು ತಿರುಗದು, ಎಲ್ಲಿ ಹುಡುಗರು ಎಣಿಕೆ ತಪ್ಪುತ್ತಾರೆ ಎಂದು ಕಣ್ಣಾರೆ ನೋಡಲಿ. ಲ್ಯಾಪ್‌ಟಾಪ್ ಎಣಿಕೆ ತಪ್ಪುವುದಿಲ್ಲ, ಅದೇ ಅದರ ತೊಂದರೆ. ಕ್ವಾರ್ಟೆಟ್ ಬೇಕೇ ಬೇಕು ಅಂದರೆ ಮಂಗಳೂರಿನ ಚರ್ಚ್ ಕ್ವಾಯರ್‌ಗಳ ಕಡೆ ವಿಚಾರಿಸಲಿ, ಪಾಶ್ಚಾತ್ಯ ನೊಟೇಶನ್ ನೋಡಿ ನುಡಿಸುವವರು ಅಲ್ಲಿ ಸಿಗುತ್ತಾರೆ.

ಒಂದು ಮಾತು ಸುಮ್ನೆ ಸೇರಿಸುತ್ತೇನೆ. ನಮ್ಮ ಕಡೆ ಕಿವಿಗೆ ಬೀಳುವ ಸಂಗೀತ ಕಡಿಮೆ ಏನಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಇದು. ಯಕ್ಷಗಾನದ ಒಂದೊಂದು ಮಟ್ಟಿನಲ್ಲೂ (ಹಾಡಿನ ಧಾಟಿ) ಮಾತಿನ ಲಘು ಗುರುವಿಗೂ ತಾಳಕ್ಕೂ ಇರುವ ಸಂಬಂಧ ಎಷ್ಟು ಗಟ್ಟಿ ಅಂದರೆ, ಗಣಪತಿಯನ್ನು ಗಾಣಕ್ಕೆ ಕಟ್ಟುವ ಮೊದಲು ಒಂದು ರಾತ್ರಿ ಆಟ ನೋಡಿದ್ದರೆ ಇವನಿಗೇ ಗೊತ್ತಾಗುತ್ತಿತ್ತು. ಅಜ್ಜಿಯಂದಿರ ಪಾಡ್ದನ, ನಾಟಿ ಹಾಡು, ತೆಯ್ಯಂನ ಚೆಂಡೆಯ ನಡೆ, ಇವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಸ್ವರ ಹಾಕಲಿ. ಹಂಗೇರಿಯ ಕಂಪೋಸರ್‌ಗಳಾದ ಬಾರ್ಟೋಕ್ ಮತ್ತು ಕೊದಾಯ್ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಹಳ್ಳಿ ಹಳ್ಳಿಗೆ ಫೋನೋಗ್ರಾಫ್ ಹೊತ್ತುಕೊಂಡು ಹೋಗಿ ಇದನ್ನೇ ಮಾಡಿದರು, ಬಾರ್ಟೋಕ್‌ನ ಕ್ವಾರ್ಟೆಟ್‌ಗಳ ಬೇರು ಅಲ್ಲಿದೆ. ಇದಕ್ಕೆ ಖರ್ಚೂ ಇಲ್ಲ.

ಓದಿನ ವಿಷಯಕ್ಕೆ ಬರುತ್ತೇನೆ. ಡಿಗ್ರಿಯನ್ನು ಸುಮ್ನೆ ಬಿಟ್ಟು ಮನೆಯಲ್ಲಿ ಕೂತು ಬರೆಯುವುದು, ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ದುಡ್ಡಿನ ಕಾರಣಕ್ಕಿಂತ ಜಾಸ್ತಿ, ಒಂಟಿತನದ ಕಾರಣಕ್ಕೆ. ಹಾಗೆ ಕೂತವರಲ್ಲಿ ಹೆಚ್ಚಿನವರು ಬರೆಯುವುದನ್ನೇ ಬಿಟ್ಟದ್ದನ್ನು ನೋಡಿದ್ದೇನೆ. ಬಿಎಸ್ಸಿ ಮುಗಿಸಲು ಇನ್ನು ಹೆಚ್ಚು ಸಮಯ ಇಲ್ಲ, ಅಂಕ ಚೆನ್ನಾಗಿದ್ದರೆ ಮುಗಿಸಿಬಿಡಲಿ ಅನ್ನುವುದು ನನ್ನ ಮೊದಲ ಸಲಹೆ. ಕೈಯಲ್ಲಿ ಡಿಗ್ರಿ ಇದ್ದರೆ ನಾಳೆ ಸರ್ಕಾರಿ ಕೆಲಸದ ಒಂದು ಪಿಎಸ್‌ಸಿ ಪರೀಕ್ಷೆಗಾದರೂ ಕೂರಬಹುದು. ಸಂಜೆ ಐದಕ್ಕೆ ಮುಗಿಯುವ ಕೆಲಸ ಸಿಕ್ಕಿದ ಕಂಪೋಸರ್ ಅದೃಷ್ಟವಂತ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ವಿಜ್ಞಾನ ಅವನಿಗೆ ನಿಜವಾಗಿ ವಿಷ ಆಗಿದ್ದರೆ, ಬಿಡುವುದಲ್ಲ, ಬದಲಾಯಿಸುವುದು. ತಿರುವನಂತಪುರದ ಸ್ವಾತಿ ತಿರುನಾಳ್ ಕಾಲೇಜು, ಪಾಲಕ್ಕಾಡಿನ ಚೆಂಬೈ ಕಾಲೇಜು, ತೃಪ್ಪೂಣಿತ್ತುರದ ಆರ್‌ಎಲ್‌ವಿ, ಮೂರೂ ಸರ್ಕಾರಿ, ಶುಲ್ಕ ಕಡಿಮೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಉಂಟು, ಗಡಿನಾಡ ಕನ್ನಡಿಗರಿಗೆ ಏನಾದರೂ ಸೌಲಭ್ಯ ಉಂಟಾ ಎಂದು ಪ್ರವೇಶ ಪ್ರಕಟಣೆ ಬಂದಾಗ ಓದಿ ನೋಡಿ. ಇಲ್ಲೆಲ್ಲ ಹಾಡುಗಾರಿಕೆ, ವಾದ್ಯ, ಶಾಸ್ತ್ರ ಗಟ್ಟಿಯಾಗಿ ಸಿಗುತ್ತದೆ. ರಚನೆ ಅಂತ ಪ್ರತ್ಯೇಕವಾಗಿ ಹೆಚ್ಚು ಸಿಗುವುದಿಲ್ಲ, ಆದರೆ ಸುತ್ತ ನುಡಿಸುವವರು ಸಿಗುತ್ತಾರಲ್ಲ, ಅದೇ ದೊಡ್ಡದು. ಅಪಾಯ ಏನೆಂದರೆ ಕಲಿತ ಮೇಲೆ ಶಾಲೆಗಳಲ್ಲಿ ಸಂಗೀತ ಅಧ್ಯಾಪಕರ ಹುದ್ದೆ ಕಡಿಮೆ, ಕಾಯುವವರು ಬಹಳ.

ಪಾಶ್ಚಾತ್ಯ ರಚನೆಯೇ ಬೇಕು ಅಂದರೆ ಚೆನ್ನೈಯ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಹತ್ತಿರದ್ದು. ಖರ್ಚು ಸರ್ಕಾರಿ ಕಾಲೇಜಿನಂತಲ್ಲ. ವಿದೇಶ ಅಂದರೆ ಇಂಗ್ಲೆಂಡಿನಲ್ಲಿ ವರ್ಷಕ್ಕೆ ಹತ್ತಾರು ಲಕ್ಷ, ತೋಟದ ಮೇಲೆ ಸಾಲ ಮಾಡಿ ದಯವಿಟ್ಟು ಕಳಿಸಬೇಡಿ. ಸಾಲ ತೀರಿಸುವ ಸಂಬಳ ಕೊಡುವ ವಿದ್ಯೆ ಇದಲ್ಲ. ಜರ್ಮನಿಯ ಹೆಚ್ಚಿನ ಸರ್ಕಾರಿ ಸಂಗೀತ ವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಕೆಲವು ಕಡೆ ಮಾತ್ರ ಹೊರದೇಶದವರಿಂದ ತೆಗೆದುಕೊಳ್ಳುತ್ತಾರೆ. ಆದರೆ ಪ್ರವೇಶ ಪರೀಕ್ಷೆ ಕಠಿಣ, ಜರ್ಮನ್ ಭಾಷೆ ಬೇಕು, ಪಿಯಾನೋ ಸ್ವಲ್ಪ ಬರಬೇಕು, ಅಲ್ಲಿನ ಊಟ ಬಾಡಿಗೆ ನಮ್ಮದೇ. ಯೋಚಿಸುವುದಾದರೆ ಡಿಗ್ರಿ ಆದ ಮೇಲೆ, ನುಡಿಸಿ ರೆಕಾರ್ಡ್ ಮಾಡಿದ ಮೂರು ನಾಲ್ಕು ರಚನೆ ಕೈಯಲ್ಲಿದ್ದರೆ ಮಾತ್ರ. ಆನ್‌ಲೈನಿನಲ್ಲಿ ಕಂಪೋಸಿಂಗ್ ಸ್ಪರ್ಧೆಗಳ ಜಾಹೀರಾತು ತುಂಬ ಬರುತ್ತದೆ. ಪ್ರವೇಶ ಶುಲ್ಕ ಜಾಸ್ತಿ ಕೇಳುವ, ಎಲ್ಲರಿಗೂ ಏನಾದರೊಂದು ಬಹುಮಾನ ಕೊಡುವ ಸ್ಪರ್ಧೆಗಳಿಂದ ದೂರ ಇರಲಿ.

ಹರಿದು ಹಾಕುವುದಕ್ಕೆ ಹೆದರಬೇಡಿ. ಜರ್ಮನಿಯ ಕಂಪೋಸರ್ ಬ್ರಾಮ್ಸ್ ಸುಮಾರು 20 ಕ್ವಾರ್ಟೆಟ್ ನಾಶ ಮಾಡಿದ ಮೇಲೆ 1873ರಲ್ಲಿ ಮೊದಲ ಎರಡನ್ನು ಪ್ರಕಟಿಸಿದರು ಅಂತ ಹೇಳುತ್ತಾರೆ. ಎಸ್ಟೋನಿಯಾದ ಆರ್ವೋ ಪಾರ್ಟ್ 1968ರ ನಂತರ ಎಂಟು ವರ್ಷ ಹೆಚ್ಚುಕಡಿಮೆ ಮೌನವಾಗಿದ್ದು, ಹಳೆಯ ಚರ್ಚ್ ಸಂಗೀತ ಕಲಿಯುತ್ತಾ ಒಂದೇ ಎಳೆಯ ಸ್ವರಗಳನ್ನು ನೋಟುಪುಸ್ತಕಗಳಲ್ಲಿ ತುಂಬಿಸಿದರು, 1976ರಲ್ಲಿ ಹೊಸ ದನಿ ಸಿಕ್ಕಿತು. ತನ್ನ ಕೆಲಸ ತನಗೆ ಸಾಲದು ಅನ್ನಿಸುವುದು ಒಳ್ಳೆಯ ಲಕ್ಷಣವೇ. ಒಂದು ಹೇಳಿ ಅವನಿಗೆ, ಹರಿಯುವ ಮೊದಲು ತಾರೀಖು ಹಾಕಿ ಒಂದು ಫೋಟೋ ತೆಗೆದಿಡು ಅಂತ.

ನಿದ್ದೆಯ ವಿಷಯ ಬೇರೆ. ನಿದ್ದೆಗೆಟ್ಟರೆ ಸಂಗೀತ ಚೆನ್ನಾಗಿ ಬರುತ್ತದೆ, ಸ್ವಲ್ಪ ಹುಚ್ಚು ಇದ್ದರೇ ಕಲೆ, ಇದೆಲ್ಲ ಸಿನಿಮಾದವರು ಕಟ್ಟಿದ ಕತೆ. ನನಗೆ ಗೊತ್ತಿರುವ ಕಂಪೋಸರ್‌ಗಳಲ್ಲಿ ಹೆಚ್ಚಿನವರು ಬೆಳಗ್ಗೆ ಎದ್ದು, ಕಾಫಿ ಕುಡಿದು, ಊಟದ ಹೊತ್ತಿಗೆ ಕೆಲಸ ಮುಗಿಸುವ ಜನ. ಉಳಿದ ಹೊತ್ತೆಲ್ಲ ಪಾಠ, ಫೋನು, ಪ್ರತಿ ವಾದ್ಯಕ್ಕೆ ಬೇರೆ ಬೇರೆ ಹಾಳೆ ಸಿದ್ಧ ಮಾಡುವುದು, ತಾಲೀಮು. ರಾತ್ರಿ ಹೆಡ್‌ಫೋನಿನಿಂದ ಕಿವಿಗೆ ಹಾನಿ ಆಗುತ್ತದೆ, ಈ ಕಸುಬಿನಲ್ಲಿ ಕಿವಿ ಹೋದರೆ ಉಳಿದದ್ದೇನು? 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ವಾಲ್ಯೂಮ್ ಅದಕ್ಕಿಂತ ಜಾಸ್ತಿ ಇದ್ದರೆ ಗಂಟೆ ಇನ್ನೂ ಕಡಿಮೆ. ಫೋನಿನಲ್ಲೇ ಮಿತಿ ಹಾಕಲು ಬರುತ್ತದೆ, ಹಾಕಿಸಿ. ಊಟ ಬಿಟ್ಟಿದ್ದರೆ, ಗೆಳೆಯರನ್ನು ಬಿಟ್ಟಿದ್ದರೆ, ವಾರಗಟ್ಟಲೆ ಮಾತೇ ಇಲ್ಲ ಅಂತಾಗಿದ್ದರೆ ಮಾತ್ರ ಅದು ಸಂಗೀತದ ವಿಷಯ ಅಲ್ಲ. ಡಾಕ್ಟರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅದು ಉಚಿತ.

ಕೊನೆಗೆ ಸ್ಟಾಂಪ್ ಪೇಪರ್. ನಾನು ವಕೀಲನಲ್ಲ, ಆದರೆ ಇಂಥ ಕಾಗದಗಳನ್ನು ಸಾಕಷ್ಟು ನೋಡಿದ್ದೇನೆ. ಟ್ಯೂನ್ ಹುಟ್ಟಿದ ಕ್ಷಣದಿಂದ ಅದರ ಹಕ್ಕು ಹುಟ್ಟಿಸಿದವನದ್ದು, ಎಲ್ಲೂ ನೋಂದಾಯಿಸಬೇಕೆಂದಿಲ್ಲ. ಅವನು ಇರುವವರೆಗೆ, ಹೋದ ಮೇಲೂ 60 ವರ್ಷ ಅದು ನಡೆಯುತ್ತದೆ. ರಾಗ ಯಾರದ್ದೂ ಅಲ್ಲ, ಆ ರಾಗದಲ್ಲಿ ಅವನು ಕಟ್ಟಿದ ಟ್ಯೂನ್ ಅವನದ್ದು. ಹಕ್ಕು ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲೇ ಇರಬೇಕು. ಅದರಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನಿನ ಪ್ರಕಾರ ಐದು ವರ್ಷ ಮಾತ್ರ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಅವರು "ಶಾಶ್ವತವಾಗಿ, ಪ್ರಪಂಚದಾದ್ಯಂತ" ಅಂತ ಸೇರಿಸಿರುತ್ತಾರೆ, ಹುಡುಕಿ ನೋಡಿ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ ಹಕ್ಕು ಕೊಟ್ಟರೂ ರಾಯಲ್ಟಿಯ (ಹಾಡು ಬಳಸಿದಾಗ ಬರುವ ಹಣದ) ಸಮಪಾಲನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ರಚಿಸಿದವರ ಪರವಾಗಿ ರಾಯಲ್ಟಿ ವಸೂಲು ಮಾಡುವ ಐಪಿಆರ್‌ಎಸ್ ಥರದ ಸೊಸೈಟಿಗೆ ಮಾತ್ರ ಕೊಡಬಹುದು.

ಹತ್ತು ಸಾವಿರ ಸಣ್ಣ ಮೊತ್ತವೇ, ಆದರೆ 19ರ ಹುಡುಗನಿಗೆ ಮೊದಲ ಸಂಪಾದನೆ, ಹಾಡುವವರ ಜತೆ ಸ್ಟುಡಿಯೋದಲ್ಲಿ ಕೂರುವ ಅವಕಾಶ. ಕೆಲಸ ಬೇಡ ಅನ್ನಬೇಡಿ, ಕಾಗದ ತಿದ್ದಿಸಿ. ಅವಧಿ ಐದು ವರ್ಷ ಅಂತ ಬರೆಯಲಿ. ಪ್ರತಿ ಹಾಡಿನ ಜತೆ, ಯೂಟ್ಯೂಬಿನಲ್ಲೂ, ರಾಗ ಸಂಯೋಜನೆ ಅಂತ ಅವನ ಹೆಸರು ಹಾಕಬೇಕು ಅಂತ ಬರೆಯಲಿ. ಅರ್ಧ ದುಡ್ಡು ರೆಕಾರ್ಡಿಂಗಿಗೆ ಮೊದಲೇ. ಎಂಟೂ ಟ್ಯೂನನ್ನು ಅವನು ಮೊದಲು ಫೋನಿನಲ್ಲಿ ಹಾಡಿ ತನಗೇ ಇಮೇಲ್ ಮಾಡಿಟ್ಟುಕೊಳ್ಳಲಿ, ಆಮೇಲೆ ಅವರಿಗೆ ಕೇಳಿಸಲಿ. ತಿದ್ದಲು ಒಪ್ಪದಿದ್ದರೆ ಎಂಟರ ಬದಲು ಎರಡು ಭಜನೆ ಮಾಡಿಕೊಡಲಿ, ಉಳಿದ ಆರನ್ನು ಕೊಡುವುದು ಬೇಡ. ಸಹಿ ಹಾಕುವ ದಿನ ನೀವೂ ಜತೆಗೆ ಹೋಗಿ, ಒಂದು ಪ್ರತಿ ಕೈಯಲ್ಲಿ ತೆಗೆದುಕೊಂಡೇ ಬನ್ನಿ.